ಬೈಯುವ ಕೈಗವಸು

ಇಂಟರ್‌ನೆಟ್ ಕಂಪನಿಗಳ ಅಬ್ಬರದ ಆ ವರ್ಷಗಳಲ್ಲಿ ನಾನು ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬನ ಜೊತೆ ವಾಸವಾಗಿದ್ದೆ. ಅವನು ಆರು ತಿಂಗಳಿಗೊಂದು ಕಂಪನಿ ಬದಲಾಯಿಸುತ್ತಿದ್ದ. ಅವನ ಕಂಪನಿ ಏನು ಮಾಡುತ್ತದೆಂದು ಅವನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಆದರೂ ಅವನು ಹೇಳತೊಡಗಿದರೆ ಜನ ತಲೆದೂಗುತ್ತಿದ್ದರು. ನನ್ನ ಕೆಲಸ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದರೆ ಮಾತ್ರ ಕೇಳುವವರು ಇನ್ನೊಂದು ಲೋಟ ಪಾಯಸ ತರಲು ಎದ್ದು ಹೋಗುತ್ತಿದ್ದರು.

ನಾನು ಮಂಡ್ಯದವನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಅದರಲ್ಲೇ ಪಿಎಚ್‌ಡಿ ಮಾಡಿ, ಲಕ್ವ ಹೊಡೆದವರ ಕೈಕಾಲುಗಳಿಗೆ ಮತ್ತೆ ಚಲನೆ ಕಲಿಸುವ ಸಾಧನಗಳನ್ನು ರೂಪಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಎವರ್‌ಗ್ರೀನ್ ಬಡಾವಣೆಯ ಕಡೆಯ ಕನ್ನಡದವರ ಮನೆಗಳಿಗೆ ಹಬ್ಬದೂಟಕ್ಕೆ ಹೋದರೆ ‘ಡಾಕ್ಟರು ಬಂದರು’ ಎಂದು ಸೋಫಾದ ನಡುವೆ ಕೂರಿಸುತ್ತಿದ್ದರು. ಯಾರಾದರೊಬ್ಬ ಹಿರಿಯರು ಸೀರೆಯ ನೆರಿಗೆ ಸರಿಸಿ ಮಂಡಿ ತೋರಿಸುತ್ತಿದ್ದರು. ನಾನು ಆ ತರಹದ ಡಾಕ್ಟರಲ್ಲ, ಯಂತ್ರಗಳ ಡಾಕ್ಟರು ಎಂದು ತಿಳಿದ ಮೇಲೆ ನಡು ಸೋಫಾದಿಂದ ಮೆಲ್ಲಗೆ ಮೂಲೆಯ ಮಡಚುವ ಕುರ್ಚಿಗೆ ನನ್ನ ವರ್ಗಾವಣೆಯಾಗುತ್ತಿತ್ತು.

ಅಷ್ಟಾದರೂ ನನಗೆ ನನ್ನ ಮೇಲೆ ಭಾರೀ ಅಭಿಮಾನ. ಕಾರಣ, ನಾನು ತಯಾರಿಸಿದ್ದ ಕೈಗವಸು. ಲಕ್ವ ಹೊಡೆದ ಕೈಗೆ ಅದನ್ನು ತೊಡಿಸಿದರೆ ನಾಲ್ಕು ಬೆರಳುಗಳು ಎಷ್ಟು ಬಾಗಿದವು, ಎಷ್ಟು ಬಿಚ್ಚಿದವು ಎಂಬುದನ್ನು ಮಣಿಕಟ್ಟಿನ ಬಳಿಯಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಬರೆದಿಟ್ಟುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಆ ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಇಡೀ ವಾರದ ವ್ಯಾಯಾಮ ಪರದೆಯ ಮೇಲೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಬೀಗುತ್ತಿದ್ದದ್ದು ಅದರ ದನಿಗೆ. ಕೈ ಪೂರ್ತಿ ಬಿಚ್ಚಿದರೆ ‘ಟಿಂಗ್’ ಎಂದು ಹೊಗಳುತ್ತಿತ್ತು. ಅರ್ಧಕ್ಕೇ ನಿಂತರೆ ‘ಭೊಂಯ್’ ಎಂದು ತಗ್ಗುದನಿಯಲ್ಲಿ ಎಚ್ಚರಿಸುತ್ತಿತ್ತು. ಈ ಎರಡು ಸದ್ದುಗಳನ್ನು ಆರಿಸಲು ನಾನು ಮೂರು ವಾರ ತೆಗೆದುಕೊಂಡಿದ್ದೆ. ಕೈಗವಸು ತೊಟ್ಟುಕೊಂಡು ನಾನೇ ಸಾವಿರಾರು ಸಲ ಮುಷ್ಟಿ ಬಿಚ್ಚಿ ಮುಚ್ಚಿ ಪರೀಕ್ಷಿಸಿದ್ದೆ. ನನ್ನ ಕೈಗೆ ಒಂದು ಸಲವೂ ಭೊಂಯ್ ಬಂದಿರಲಿಲ್ಲ. ಸದ್ದು ಬಹಳ ಪರಿಣಾಮಕಾರಿ ಎಂದು ಬರೆದುಕೊಂಡಿದ್ದೆ.

ಆರು ಜನರ ಮೇಲೆ ಎಂಟು ವಾರ ಪ್ರಯೋಗ ಮಾಡಲು ಒಪ್ಪಿಗೆ ಸಿಕ್ಕಿತ್ತು. ಐದು ಜನ ಸಿಕ್ಕಿದ್ದರು. ಆರನೆಯವರು ಸಿಕ್ಕಿದ್ದು ಫ್ರೀಮಾಂಟಿನ ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ. ಬಿಳಿ ಜುಬ್ಬಾ ಮೇಲೆ ಉಣ್ಣೆಯ ಸ್ವೆಟರು ತೊಟ್ಟ ಹಿರಿಯರೊಬ್ಬರು ಹಿಟ್ಟಿನ ಪೊಟ್ಟಣವನ್ನು ಕನ್ನಡಕದ ಹತ್ತಿರ ಹಿಡಿದು ತಮ್ಮಷ್ಟಕ್ಕೆ ತಾವೇ, “ಇದು ಜ್ವಾಳದ ಹಿಟ್ಟಲ್ಲ, ಗ್ವಾಡಿಗೆ ಬಳಿಯೂ ಸುಣ್ಣ” ಅಂದರು. ನನಗೆ ನಗು ಬಂದುಬಿಟ್ಟಿತು.

“ನಕ್ರೆಲ್ಲ, ಕನ್ನಡ ಬರ್ತೈತೇನು?”

“ಬರುತ್ತೆ ಸರ್. ನಾನು ಮಂಡ್ಯದವನು.”

“ಮಂಡ್ಯದವರೇನು? ಹಂಗಾರ ಅರ್ಧ ಬರ್ತೈತಿ ಅನ್ರಿ.”

ವಿಜಾಪುರ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಅವರು. ಮಗನ ಮನೆಗೆಂದು ಹೆಂಡತಿಯ ಜೊತೆ ಬಂದಿದ್ದರು. ಬಂದ ಮೊದಲ ಚಳಿಗಾಲದಲ್ಲೇ ಹೆಂಡತಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಮಾತು, ಕಾಲು ಉಳಿದಿದ್ದವು. “ಮಾತು ಉಳದೈತಿ ಅಂದ್ರ ಪೂರಾ ಉಳದೈತ್ರಿ” ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. ನಾನು ಹಿಟ್ಟಿನ ಸಾಲಿನಲ್ಲೇ ನಿಂತು ನನ್ನ ಕೈಗವಸಿನ ವರ್ಣನೆ ಶುರು ಮಾಡಿದೆ. ಅವರು ಪಾಯಸ ಹುಡುಕಿಕೊಂಡು ಹೋಗಲಿಲ್ಲ, ಕೊನೆಯವರೆಗೂ ಕೇಳಿದರು. ಅಷ್ಟಕ್ಕೇ ನಾನು ಅವರಿಗೆ ಮಾರುಹೋದೆ.

ಮೇಷ್ಟ್ರ ಹೆಂಡತಿಯನ್ನು, ಅಂದರೆ ಅಮ್ಮನವರನ್ನು, ಪ್ರಯೋಗಾಲಯಕ್ಕೆ ಕರೆಸಿ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸಿ, ಎಡಗೈಯಲ್ಲಿ ಸಹಿ ಹಾಕಿಸಿಕೊಂಡೆವು. ಏನಾದರೂ ತೊಂದರೆಯಾದರೆ ಮಾತಾಡಲೆಂದು ನಮ್ಮ ಮುಖ್ಯಸ್ಥೆಯ ಫೋನ್ ನಂಬರು ಆ ಪತ್ರದ ಕೆಳಗಿತ್ತು. ವ್ಯಾಯಾಮ ಚಿಕಿತ್ಸಕಿಯೊಬ್ಬಳು ಬಂದು ಅವರ ಬಲಗೈಯನ್ನು ಪರೀಕ್ಷಿಸಿ ಶುರುವಿನ ಸ್ಥಿತಿಯನ್ನು ಬರೆದುಕೊಂಡಳು. ಎಂಟು ವಾರದ ಕೊನೆಗೆ ಅದೇ ಪರೀಕ್ಷೆ ಮತ್ತೊಮ್ಮೆ. ನಡುವೆ ನನ್ನ ಕೆಲಸವೆಂದರೆ ಪ್ರತಿ ಬುಧವಾರ ಮಧ್ಯಾಹ್ನ ಫ್ರೀಮಾಂಟಿಗೆ ಹೋಗಿ ಡಬ್ಬಿಯಲ್ಲಿದ್ದುದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು.

ಮೊದಲ ವಾರದ ದಾಖಲೆ ಹೀಗಿತ್ತು: ಮೊದಲ ದಿನ ಆರು ಸಲ ಪ್ರಯತ್ನ, ಆರೂ ಸಲ ಭೊಂಯ್. ಆಮೇಲೆ ಏಳನೆಯ ದಿನದವರೆಗೂ ಏನೂ ಇಲ್ಲ. ನನ್ನ ಮುಖ ಸಪ್ಪಗಾದದ್ದನ್ನು ಮೇಷ್ಟ್ರು ನೋಡಿದರು. “ಹಿಂಗಾದ್ರ ನಿಮಗೇನರ ತೊಂದ್ರಿ ಐತೇನು?” ಎಂದು ಕೇಳಿದರು. “ನಮ್ಮ ಬಾಸು ಏನನ್ನುತ್ತಾರೋ” ಎಂದೆ. ಅದೊಂದು ಸುಮ್ಮನೆ ಬಂದ ಮಾತು. ಮರುವಾರ ಹೋದಾಗ ಮೇಷ್ಟ್ರೇ ಬಾಗಿಲಲ್ಲಿ ಕೈಗವಸು ಹಿಡಿದು ನಿಂತಿದ್ದರು. “ಆಕಿ ಈಗಷ್ಟ ಅಡ್ಡಾಗ್ಯಾಳ, ಎಬ್ಬಸೂದು ಬ್ಯಾಡ” ಎಂದು ಚಹಾ, ಚುರಮರಿ ತಂದಿಟ್ಟರು.

ಪರದೆಯ ಮೇಲೆ ಬಂದದ್ದನ್ನು ನೋಡಿ ನಾನು ಚುರಮರಿ ಅಗಿಯುವುದನ್ನೇ ಮರೆತೆ. ಬೆಳಿಗ್ಗೆ ಐವತ್ತು ಸಲ, ಮಧ್ಯಾಹ್ನ ಐವತ್ತು ಸಲ, ಸಂಜೆ ಐವತ್ತು ಸಲ. ಒಂದೊಂದರ ನಡುವೆಯೂ ಗಡಿಯಾರ ಹಿಡಿದು ಅಳೆದಂಥ ಅಂತರ. ಎಲ್ಲವೂ ಟಿಂಗ್. ಒಂದೇ ಒಂದು ಭೊಂಯ್ ಇರಲಿಲ್ಲ. ಉಳಿದ ಐದು ಜನರ ದಾಖಲೆಗಳು ಕೋಳಿ ಕೆದರಿದ ಅಂಗಳದಂತಿದ್ದರೆ ಇದು ನಕಲು ಪುಸ್ತಕದ ದುಂಡಕ್ಷರದಂತಿತ್ತು.

ಈಗ ಯೋಚಿಸಿದರೆ, ನಕಲು ಎಂಬ ಮಾತು ಅಂದೇ ನನ್ನ ತಲೆಗೆ ಹೊಳೆದಿತ್ತು; ಹೊಳೆದೂ ನಾನು ಅದನ್ನು ಹೊಗಳಿಕೆಯಾಗಿಯೇ ಬಳಸಿದೆ. ಸುಳಿವುಗಳಿಗೇನೂ ಬರವಿರಲಿಲ್ಲ. ಕೈಗವಸನ್ನು ಅಮ್ಮನ ಸಣ್ಣ ಕೈಯ ಅಳತೆಗೆ ಹೊಲಿಸಿದ್ದೆ. ಮೂರನೆಯ ವಾರ ಬೆರಳ ಬುಡದಲ್ಲಿ ಹೊಲಿಗೆ ಬಿಟ್ಟಿತು. ಗಟ್ಟಿ ದಾರದಿಂದ ಹೊಲಿದುಕೊಟ್ಟೆ. ನಾಲ್ಕನೆಯ ವಾರ ಮತ್ತೆ ಬಿಟ್ಟಿತು. ‘ವ್ಯಾಯಾಮದಿಂದ ಸ್ನಾಯುಗಳು ತುಂಬಿಕೊಳ್ಳುತ್ತಿವೆ’ ಎಂದು ಟಿಪ್ಪಣಿ ಬರೆದೆ. ಇನ್ನೊಂದು ವಿಚಿತ್ರವೆಂದರೆ ಪ್ರತಿ ಶುಕ್ರವಾರ ಮಧ್ಯಾಹ್ನದ ಐವತ್ತು ಮಾತ್ರ ಇರುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗುವವರು ಮನೆಯಲ್ಲಿ ಯಾರಿದ್ದಾರೆ ಎಂದು ಯಾವನಾದರೂ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ. ವಾರಕ್ಕೊಂದು ಹೊತ್ತು ವಿಶ್ರಾಂತಿ ಕೊಟ್ಟರೆ ಮೆದುಳು ಬೇಗ ಚೇತರಿಸಿಕೊಳ್ಳುತ್ತದೆ ಎಂಬ ಹೊಸ ಸಿದ್ಧಾಂತವನ್ನು ಕಟ್ಟಿ, ಅದಕ್ಕೆ ಎರಡು ಪುಟದ ಪೀಠಿಕೆಯನ್ನೂ ಬರೆದುಬಿಟ್ಟೆ.

ಗುಟ್ಟು ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗೆಳೆಯನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನ ಗೆರೆಗಳನ್ನು ಎರಡು ನಿಮಿಷ ನೋಡಿ ಎದ್ದು ನಿಂತ.

“ಮಗಾ, ಇದು ಗ್ಲೌಸಲ್ಲ ಕಣೋ. ಪ್ಲಾಟ್‌ಫಾರ್ಮು!”

“ಅಂದ್ರೆ?”

“ಪ್ರಪಂಚದಲ್ಲಿರೋ ಸ್ಟ್ರೋಕ್ ಪೇಷೆಂಟ್ಸ್ ಎಲ್ಲಾ ಇದನ್ನ ಹಾಕ್ಕೊಂಡು ನೆಟ್ಟಿಗೆ ಕನೆಕ್ಟ್ ಆಗ್ತಾರೆ. ನಾವು ಮಧ್ಯದಲ್ಲಿ ಕೂತಿರ್ತೀವಿ.”

“ಕೂತು ಏನು ಮಾಡ್ತೀವಿ?”

“ಅದನ್ನ ಆಮೇಲೆ ನೋಡ್ಕೊಳ್ಳೋಣ, ಗುರು.”

ಅವನ ಈ ಮಾತಿಗೆ ನಾನು ನಗಬೇಕಿತ್ತು. ನಗುವ ಬದಲು ಮರುದಿನವೇ ಹೋಗಿ ಒಂದು ಕಪ್ಪು ಜಾಕೆಟ್ಟು ಕೊಂಡುತಂದೆ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ‘ನಾನು ಮಂಡ್ಯದ ಒಬ್ಬ ಸಾಧಾರಣ ಹುಡುಗ’ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಭಾಷಣ ಅಭ್ಯಾಸ ಮಾಡಿದೆ. ವಿನಯದ ಜಾಗದಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನೂ ಗೊತ್ತುಮಾಡಿಕೊಂಡಿದ್ದೆ. ಗೆಳೆಯ ಹೇಗೋ ಹೂಡಿಕೆದಾರರ ಜೊತೆ ಒಂದು ಶುಕ್ರವಾರಕ್ಕೆ ಮೀಟಿಂಗು ಗೊತ್ತುಮಾಡಿದ. ಅಲ್ಲಿ ತೋರಿಸಲು ಅಮ್ಮನವರು ಕೈಯಾಡಿಸುವ ಒಂದು ವಿಡಿಯೊ ಬೇಕು ಅಂದ. ಪ್ರಯೋಗಕ್ಕೆ ಒಪ್ಪಿದವರನ್ನು ಹೀಗೆ ಹೊರಗಿನವರಿಗೆ ತೋರಿಸಬೇಕಾದರೆ ಮುಖ್ಯಸ್ಥೆಯ ಅನುಮತಿ ಬೇಕು ಎಂದು ನನಗೆ ಗೊತ್ತಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಎಂಬುದೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ನಾವಿಬ್ಬರೂ ಕ್ಯಾಮೆರಾ ಹಿಡಿದು ಫ್ರೀಮಾಂಟಿಗೆ ಹೊರಟೆವು. ಮೊದಲೇ ತಿಳಿಸೋಣವೆಂದು ಮೂರು ಸಲ ಫೋನು ಮಾಡಿದರೆ ಮೂರು ಸಲವೂ ಎಂಗೇಜು. ಮೇಷ್ಟ್ರು ಕಂಪ್ಯೂಟರಿನಲ್ಲಿ ಊರಿನ ಸುದ್ದಿ ಓದಲು ಕೂತರೆ ಫೋನಿನ ತಂತಿ ಗಂಟೆಗಟ್ಟಲೆ ಅದಕ್ಕೇ ಮೀಸಲು. ಹಾಗಾಗಿ ಹೇಳದೆ ಕೇಳದೆ ಹೋಗಿ ಗಂಟೆ ಒತ್ತಿದೆವು.

ಬಾಗಿಲು ತೆರೆದವರು ಮೇಷ್ಟ್ರು. ಅವರ ಬಲಗೈಯಲ್ಲಿ ನನ್ನ ಕೈಗವಸಿತ್ತು. ಬಾಗಿಲ ಗುಬುಟು ಬಿಟ್ಟು ಬೆರಳು ಬಿಚ್ಚಿದ್ದಕ್ಕೆ ಅದು ‘ಟಿಂಗ್’ ಎಂದು ಅವರನ್ನು ಹೊಗಳಿತು.

ಆಗಲಾದರೂ ನನಗೆ ತಿಳಿಯಿತೇ ಎಂದರೆ, ಇಲ್ಲ. “ಪರೀಕ್ಷೆ ಮಾಡ್ತಾ ಇದ್ದೀರಾ ಸರ್? ಹೊಲಿಗೆ ಗಟ್ಟಿಯಾಗಿದೆಯಾ?” ಎಂದು ಕೇಳಿ ಒಳಗೆ ನಡೆದೆ. ಮೇಷ್ಟ್ರು ಕೈಗವಸು ಕಳಚಲು ಒದ್ದಾಡುತ್ತಿದ್ದರು. ಅದು ಅವರ ಬೆರಳಿಗೆ ಎಷ್ಟು ಬಿಗಿಯಾಗಿತ್ತೆಂದರೆ ನಾನೇ ತುದಿ ಹಿಡಿದೆಳೆದು ಸಹಾಯ ಮಾಡಿದೆ.

ಅಮ್ಮನವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಸೊಸೆ ಕೆಲಸಕ್ಕೆ ಹೋಗಿದ್ದಳು, ಮಗ ಊರಿನಲ್ಲಿರಲಿಲ್ಲ. ಗೆಳೆಯ ಕ್ಯಾಮೆರಾ ನಿಲ್ಲಿಸಿ, “ಅಮ್ಮಾ, ದಿನಾ ಮಾಡೋ ಥರಾನೇ ಮಾಡಿ, ಏನೂ ಟೆನ್ಷನ್ ಮಾಡ್ಕೋಬೇಡಿ” ಅಂದ. ಅಮ್ಮ ಗಂಡನ ಕಡೆ ನೋಡಿದರು. ಗಂಡ ಕಾರ್ಪೆಟ್ಟಿನ ಕಡೆ ನೋಡಿದರು. ನಾನು ಅಮ್ಮನ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೈಗವಸು ತೊಡಿಸಿದೆ. ಹಿಗ್ಗಿಹೋಗಿದ್ದ ಅದು ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ ಜೋಲಾಡಿತು. ಅಮ್ಮ ತುಟಿ ಕಚ್ಚಿ ಬೆರಳು ಬಿಚ್ಚಲು ನೋಡಿದರು. ಭೊಂಯ್. ಇನ್ನೊಮ್ಮೆ. ಭೊಂಯ್.

“ಬ್ಯಾಟರಿ ಹೋಗಿರಬೇಕು” ಅಂದೆ.

“ಬ್ಯಾಟ್ರಿ ಅಲ್ಲಪಾ, ನನ್ನ ಕೈನ ಹ್ವಾದದ್ದು” ಎಂದರು ಅಮ್ಮ. ಆಮೇಲೆ ಗಂಡನ ಕಡೆ ತಿರುಗಿ, “ಹೇಳ್ರಿ ಇನ್ನ. ಎಷ್ಟ ದಿನಾ ಮುಚ್ಚಿಡ್ತೀರಿ?” ಎಂದರು.

ಮೇಷ್ಟ್ರು ಶಾಲಾ ಇನ್‌ಸ್ಪೆಕ್ಟರರ ಮುಂದೆ ನಿಂತವರಂತೆ ಎರಡೂ ಕೈ ಹಿಂದೆ ಕಟ್ಟಿಕೊಂಡರು. “ತಮ್ಮಾ, ಅದು ಎಲ್ಲಾ ನಂದ. ಮುಂಜಾನಿ ಐವತ್ತು, ಮಧ್ಯಾಹ್ನ ಐವತ್ತು, ಸಂಜಿಕ ಐವತ್ತು. ಎಣಿಸಿ ಮಾಡೀನಿ. ಒಂದೂ ತಪ್ಪಿಲ್ಲ.”

“ಯಾಕೆ ಸರ್?”

“ಆಕಿ ಒಲ್ಲೆ ಅಂದ್ಲು. ಖಾಲಿ ಹ್ವಾದ್ರ ನಿಮ್ಮ ನೌಕರಿಗೆ ಕುತ್ತ ಬರ್ತೈತಿ ಅನಸ್ತು. ಅವತ್ತು ನಿಮ್ಮ ಮಾರಿ ನೋಡಿದ್ನೆಲ್ಲ. ನಮ್ಮ ಕಡಿ ಹುಡುಗ, ಪರದೇಶದಾಗ ಒಬ್ಬನ ಅದಾನ, ಕೆಟ್ಟ ಹೆಸರು ಬರಬಾರದು ಅಂತ...” ಎಂದರು. “ಮೂವತ್ತೆಂಟು ವರ್ಷ ಕಾಪಿ ಹೊಡಿಯೋರನ್ನ ಹಿಡಿದು ಹೊರಗ ಹಾಕೀನಿ. ಈಗ ನಾನ ಸಿಕ್ಕೊಂಡೆ.”

“ನೀವು ಯಾಕಮ್ಮ ಬೇಡ ಅಂದ್ರಿ?” ಎಂದು ಅಮ್ಮನವರನ್ನು ಕೇಳಿದೆ.

“ಬೆಳ್ಳು ಎತ್ತಿದ್ರ ಭೊಂಯ್, ಬಿಟ್ರ ಭೊಂಯ್. ಲಕ್ವಾ ಹೊಡದದ್ದು ಕೈಗಿ, ಕಿವಿಗಲ್ಲ. ನಲವತ್ತ ವರ್ಷ ಮಾಸ್ತರನ ಕೂಡ ಸಂಸಾರ ಮಾಡೀನಿ. ಬೈಸ್ಕೊಳ್ಳಾಕ ಇನ್ನೊಂದು ಮಿಷನ್ ಬೇಕೇನು ನನಗ?”

ಗೆಳೆಯನ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಆರಿಸು ಎಂದು ಹೇಳಲೂ ನನಗೆ ಹೊಳೆಯಲಿಲ್ಲ. ಐದು ವಾರಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದ ನನ್ನ ಪವಾಡವು ಒಬ್ಬ ಆರೋಗ್ಯವಂತ ಗಣಿತದ ಮೇಷ್ಟ್ರ ಬಲಗೈಯಾಗಿತ್ತು. ಆ ಕೈ ಚೆನ್ನಾಗಿ ಕೆಲಸ ಮಾಡುತ್ತದೆಂದು ನಾನು ಶಾಸ್ತ್ರೋಕ್ತವಾಗಿ ಸಾಬೀತುಪಡಿಸಿದ್ದೆ. ವಿಪರೀತ ನಾಚಿಕೆಯಾಯಿತು. ಆದರೆ ಅದಕ್ಕೂ ಮೊದಲು ನನಗೆ ಬಂದದ್ದು ಸಿಟ್ಟು, ಅದೂ ಆ ಇಬ್ಬರು ಹಿರಿಯರ ಮೇಲೆ. ಇದನ್ನು ಬರೆಯಲು ಇಷ್ಟವಿಲ್ಲ, ಆದರೂ ನಿಜ.

ವಾಪಸು ಬರುವಾಗ ಫ್ರೀವೇಯಲ್ಲಿ ಕಾರುಗಳು ತೆವಳುತ್ತಿದ್ದವು. ಗೆಳೆಯ ಹೇಳಿದ: “ಮಗಾ, ವಿಡಿಯೊ ಬಿಟ್ಬಿಡೋಣ. ಬರೀ ಗ್ರಾಫ್ ತೋರಿಸೋಣ. ಕೈ ಯಾರದು ಅಂತ ಗ್ರಾಫಲ್ಲಿ ಬರೆದಿರಲ್ವಲ್ಲ?”

ನಾನು ಥೂ ಎನ್ನಬೇಕಿತ್ತು. “ನೋಡೋಣ” ಎಂದೆ.

ಬುಧವಾರ ಇಡೀ ದಿನ ಪ್ರಯೋಗಾಲಯದಲ್ಲಿ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಡಬ್ಬಿಗಳಿಗೆ ಹಾಕುತ್ತ ಕಳೆದೆ. ಮುಖ್ಯಸ್ಥೆ ಎರಡು ಸಲ ಆ ಕಡೆ ಬಂದರು. ಅವರು ವಯಸ್ಸಾದ ಅಮೆರಿಕನ್ ಮಹಿಳೆ. ಹದಿಹರೆಯದಲ್ಲಿ ಅಪಘಾತವಾಗಿ ಅಂದಿನಿಂದ ಗಾಲಿಕುರ್ಚಿಯಲ್ಲೇ ಓಡಾಡುವವರು. ಎರಡು ಸಲವೂ ಬಾಗಿಲ ಬಳಿ ಕುರ್ಚಿ ನಿಲ್ಲಿಸಿ ನನ್ನನ್ನು ನೋಡಿದರು. ಎರಡು ಸಲವೂ ನಾನು ಸ್ಕ್ರೂ ನೋಡಿದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಗೆಳೆಯ ಹೇಳಿದ್ದರಲ್ಲಿ ಸುಳ್ಳೇನಿದೆ? ಗ್ರಾಫಿನಲ್ಲಿ ಕೈ ಯಾರದೆಂದು ಬರೆದಿಲ್ಲ ಎಂಬುದು ನಿಜವೇ ತಾನೆ?

ಗುರುವಾರ ಬೆಳಿಗ್ಗೆ ಮಾತ್ರ ಅದೇಕೋ ತಡೆಯಲಾಗಲಿಲ್ಲ. ಮುಖ್ಯಸ್ಥೆಯ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಎಲ್ಲ ಹೇಳಿದೆ. ಕೈಗವಸು, ಮೇಷ್ಟ್ರು, ಅನುಮತಿಯಿಲ್ಲದೆ ಮಾಡಿದ ವಿಡಿಯೊ, ಮೀಟಿಂಗು, ಜಾಕೆಟ್ಟಿನವರೆಗೂ. ಹೇಳುವಾಗ ನನ್ನ ಪ್ರಾಮಾಣಿಕತೆಗೆ ನಾನೇ ಕರಗಿ ಕಣ್ಣು ತುಂಬಿಕೊಂಡೆ.

“ಗೊತ್ತು” ಎಂದರು ಅವರು.

“ಹೇಗೆ ಗೊತ್ತು?”

“ಮಂಗಳವಾರ ಸಂಜೆಯೇ ನಿನ್ನ ಮೇಷ್ಟ್ರು ಫೋನ್ ಮಾಡಿದ್ದರು. ಒಪ್ಪಿಗೆ ಪತ್ರದಲ್ಲಿ ನನ್ನ ನಂಬರಿದೆಯಲ್ಲ. ಒಂದೊಂದೇ ಪದ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದರು. ತಪ್ಪೆಲ್ಲ ತಮ್ಮದು, ಹುಡುಗನನ್ನು ಫೇಲು ಮಾಡಬೇಡಿ ಎಂದು ಕೇಳಿಕೊಂಡರು. ನೀನು ಬುಧವಾರ ಬರುತ್ತೀಯೆಂದು ಕಾದೆ.”

ಕಣ್ಣಿನಲ್ಲಿದ್ದ ನೀರನ್ನು ಏನು ಮಾಡಬೇಕೋ ತಿಳಿಯದೆ ನಿಂತೆ. ನನಗೋಸ್ಕರ ಸುಳ್ಳು ಹೇಳಿದ್ದವರು, ಸುಳ್ಳನ್ನು ಒಪ್ಪಿಕೊಳ್ಳುವುದರಲ್ಲೂ ನನಗಿಂತ ಒಂದೂವರೆ ದಿನ ಮುಂದಿದ್ದರು.

ಮುಖ್ಯಸ್ಥೆ ಕೈಗವಸನ್ನು ಕೇಳಿ ಪಡೆದು ಮೇಜಿನ ಮೇಲಿಟ್ಟುಕೊಂಡರು. “ಈ ಭೊಂಯ್ ಎನ್ನುವ ಸದ್ದನ್ನು ಯಾರ ಮೇಲೆ ಪರೀಕ್ಷಿಸಿದ್ದೆ?”

“ನನ್ನ ಮೇಲೆ.”

“ನಿನ್ನ ಕೈಗೆ ಏನಾಗಿದೆ?”

“ಏನೂ ಆಗಿಲ್ಲ.”

ಅವರು ಜೋರಾಗಿ ನಕ್ಕರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಕ್ಕು ಮುಗಿದ ಮೇಲೆ, “ನನ್ನ ಗ್ಯಾರೇಜಿನಲ್ಲಿ ನಿನ್ನಂಥ ಜಾಣರು ನನಗೆಂದೇ ಮಾಡಿಕೊಟ್ಟ ಹನ್ನೊಂದು ಸಾಧನಗಳಿವೆ. ಎಲ್ಲವೂ ಬಹಳ ಚೆನ್ನಾಗಿವೆ. ಒಂದನ್ನೂ ಎರಡನೆಯ ಸಲ ಮುಟ್ಟಿಲ್ಲ” ಎಂದರು.

ಆಮೇಲೆ ಶಿಕ್ಷೆ ಹೇಳಿದರು. ಮೀಟಿಂಗು ರದ್ದು. ವಿಡಿಯೊ ಅಳಿಸಿ, ಅಳಿಸಿದ್ದೇನೆಂದು ಮೇಷ್ಟ್ರಿಗೆ ಹೇಳಿ ಕ್ಷಮೆ ಕೇಳಬೇಕು. ಉಳಿದ ಐದು ಜನರ ಮನೆಗೂ ಹೋಗಿ ದಾಖಲೆಗಳನ್ನು ಮತ್ತೊಮ್ಮೆ ನೋಡಬೇಕು. (ಹೋಗಿ ನೋಡಿದರೆ ಅವರಲ್ಲೊಬ್ಬ ನಿವೃತ್ತ ಲಾರಿ ಚಾಲಕರು ಕೈಗವಸನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದರು. ಫ್ರೀವೇಯ ಗುಂಡಿಗಳಿಗೆಲ್ಲ ನನ್ನ ಡಬ್ಬಿ ಲೆಕ್ಕ ಬರೆದಿತ್ತು.) ಕೊನೆಯದಾಗಿ, ಎರಡು ವಾರ ಪ್ರತಿ ಮಧ್ಯಾಹ್ನ ಫ್ರೀಮಾಂಟಿನ ಆ ಮನೆಗೆ ಬರಿಗೈಯಲ್ಲಿ ಹೋಗಿ ಕೂರಬೇಕು. ಅಮ್ಮನವರ ಬಲಗೈ ತಾನಾಗಿ ಏನೇನು ಮಾಡಲು ಹೋಗುತ್ತದೆ ಎಂಬುದನ್ನಷ್ಟೇ ಪುಸ್ತಕದಲ್ಲಿ ಬರೆಯಬೇಕು. ಸಲಹೆ ಕೊಡಕೂಡದು. ಅಮ್ಮನವರು ಒಪ್ಪಿದರೆ ಮಾತ್ರ.

ಗೆಳೆಯನಿಗೆ ವಿಷಯ ತಿಳಿಸಿದಾಗ ಅವನು ಒಂದು ಸಂಜೆ ಮುನಿಸಿಕೊಂಡಿದ್ದ. ಮರುದಿನ ಅಡುಗೆ ಮಾಡುತ್ತ, “ಹೋಗ್ಲಿ ಬಿಡು ಮಗಾ, ಪ್ರಪಂಚದ ಪೇಷೆಂಟ್ಸ್ ಎಲ್ಲಾ ಬಚಾವಾದ್ರು” ಎಂದು ನಕ್ಕ. ಅವನ ಕ್ಯಾಮೆರಾದಿಂದ ವಿಡಿಯೊ ನಾನೇ ಅಳಿಸಿದೆ.

ಫ್ರೀಮಾಂಟಿನಲ್ಲಿ ಮೇಷ್ಟ್ರು ಬಾಗಿಲು ತೆರೆದಾಗ ನಾನು ಕ್ಷಮೆ ಕೇಳಿದೆ, ಅವರೂ ಕೇಳಿದರು. ಯಾರು ಮೊದಲು ಕೇಳಬೇಕೆಂದು ಸ್ವಲ್ಪ ಹೊತ್ತು ಜಗ್ಗಾಟವಾಯಿತು. ಒಳಗಿನಿಂದ ಅಮ್ಮ ಕೂಗಿದರು: “ಮತ್ತ ಬೈಯಾಕ ತಂದಾನೇನು ಅದನ್ನ?”

“ಇಲ್ಲಮ್ಮ, ಸುಮ್ನೆ ನೋಡಕ್ಕೆ ಬಂದೆ.”

“ಏನ ನೋಡ್ತಿ? ನಾನೇನು ಗೋಳಗುಮ್ಮಟ ಏನು?”

ಮೊದಲ ಮೂರು ದಿನ ಅವರು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದರು. ನನ್ನ ಪುಸ್ತಕದಲ್ಲಿ ಮೂರು ದಿನಕ್ಕೂ ‘ಸೆರಗು’ ಎಂಬ ಒಂದೇ ಪದವಿದೆ. ನಾಲ್ಕನೆಯ ದಿನ ನಾನಿರುವುದನ್ನು ಮರೆತರೋ, ಬೇಸತ್ತರೋ, ಕೈ ಹೊರಗೆ ಬಂತು. ಮಧ್ಯಾಹ್ನದ ನಮಾಜು ಮುಗಿಸಿ ಕುರ್ಚಿಯಲ್ಲೇ ಕೂತು ಅವರು ಬಲಗೈಯ ಹೆಬ್ಬೆರಳನ್ನು ತೋರುಬೆರಳ ಗೆಣ್ಣಿನ ಕಡೆ ಸರಿಸಲು ನೋಡುತ್ತಿದ್ದರು. ಹೆಬ್ಬೆರಳು ಬಸವನಹುಳುವಿನಂತೆ ತೆವಳಿ ಮೊದಲ ಗೆರೆಯ ಹತ್ತಿರ ನಿಂತುಬಿಡುತ್ತಿತ್ತು. ಆಗ ಎಡಗೈಯಿಂದ ಅದನ್ನು ಹಿಡಿದು ಗೆರೆ ಮುಟ್ಟಿಸಿ, ತುಟಿಯಲ್ಲೇ ಏನೋ ಹೇಳಿಕೊಂಡು, ಮತ್ತೆ ಶುರು ಮಾಡುತ್ತಿದ್ದರು. ದೇವರ ಹೆಸರನ್ನು ಗೆಣ್ಣುಗಳ ಮೇಲೆ ಎಣಿಸುತ್ತಿದ್ದರು.

“ಎಡಗೈಲೇ ಎಣಿಸಬಹುದಲ್ವಾ ಅಮ್ಮ?” ಎಂದು ಕೇಳಿದೆ. ಸಲಹೆ ಕೊಡಕೂಡದೆಂಬುದು ಮರೆತೇ ಹೋಗಿತ್ತು.

“ಬಲಗೈಲೆ ಎಣಿಸಿ ರೂಢಿ. ಸಣ್ಣಾಕಿ ಇದ್ದಾಗಿಂದ.” ಹೆಬ್ಬೆರಳನ್ನೇ ನೋಡುತ್ತ, “ಹ್ವಾದ ತಿಂಗಳು ಇಲ್ಲಿಗೂ ಬರ್ತಿದ್ದಿಲ್ಲ ಇದು” ಎಂದರು.

ಅಂದರೆ ನಾನು ಪಕ್ಕದ ಕೋಣೆಯಲ್ಲಿ ಚುರಮರಿ ತಿನ್ನುತ್ತ ಮೇಷ್ಟ್ರ ಕೈಯ ಚೇತರಿಕೆಯನ್ನು ಮೆಚ್ಚಿಕೊಳ್ಳುತ್ತಿದ್ದಾಗ, ಅಮ್ಮ ಇಲ್ಲಿ ದಿನಾ ತಮ್ಮಷ್ಟಕ್ಕೆ ನಿಜವಾದ ವ್ಯಾಯಾಮವನ್ನೇ ಮಾಡುತ್ತಿದ್ದರು. ನನ್ನ ಕೈಗವಸು ತೊಟ್ಟಿದ್ದರೂ ಅದು ದಾಖಲಾಗುತ್ತಿರಲಿಲ್ಲ. ಅದರಲ್ಲಿ ನಾಲ್ಕು ಬೆರಳಿಗೆ ಮಾತ್ರ ತಂತಿಗಳಿದ್ದವು. ಹೆಬ್ಬೆರಳ ಚಲನೆ ಯಂತ್ರಶಾಸ್ತ್ರದ ದೃಷ್ಟಿಯಿಂದ ತೊಡಕಿನದಾದ್ದರಿಂದ ಅದನ್ನು ಬಿಡಲಾಗಿದೆ ಎಂದು ನಾನೇ ಬರೆದಿದ್ದೆ. ಕೈಯಿಂದ ಹೆಬ್ಬೆರಳು ಬಿಟ್ಟರೆ ಉಳಿಯುವುದು ಏನೆಂದು ಯೋಚಿಸುವಷ್ಟು ಪುರುಸೊತ್ತು ಆಗ ಇರಲಿಲ್ಲ, ಸದ್ದು ಆರಿಸುತ್ತಿದ್ದೆ.

ಅದನ್ನೆಲ್ಲ ನೋಡಿದ ಮೇಲೆ ನಾನು ಮಾಡಿದ ಎರಡನೆಯ ಸಾಧನ ಕೈಗವಸೇ ಆಗಿರಲಿಲ್ಲ. ಹೆಬ್ಬೆರಳಿಗೊಂದು ಉಂಗುರ, ಉಳಿದ ಬೆರಳ ಗೆಣ್ಣುಗಳಿಗೆ ಅಂಟಿಸುವ ತೆಳು ಪಟ್ಟಿಗಳು, ಅಷ್ಟೇ. ಹೆಬ್ಬೆರಳು ಯಾವ ಗೆಣ್ಣನ್ನು ಮುಟ್ಟಿತು ಎಂದು ಬರೆದುಕೊಳ್ಳುತ್ತಿತ್ತು, ಸದ್ದು ಮಾಡುತ್ತಿರಲಿಲ್ಲ. ಅಮ್ಮನ ಗೆಣ್ಣುಗಳ ಅಳತೆಯನ್ನು ಮೇಷ್ಟ್ರು ಅಡಿಪಟ್ಟಿ ಹಿಡಿದು ತೆಗೆದು ನಕ್ಷೆ ಬರೆದುಕೊಟ್ಟರು. ಅದು ನನ್ನ ನಕ್ಷೆಗಿಂತ ಅಚ್ಚುಕಟ್ಟಾಗಿತ್ತು. ಅಷ್ಟು ಮಾಡಿದ ಮೇಲೆ ಉಂಗುರ ಮುಟ್ಟುವ ಹಕ್ಕು ಅವರಿಗಿರಲಿಲ್ಲ. ಅಮ್ಮ ಅದನ್ನು ಎಲೆಯಡಿಕೆಯ ಚಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ದಾಖಲೆ ಈಗ ಕೋಳಿ ಕೆದರಿದ ಹಾಗೇ ಇತ್ತು. ಒಂದು ದಿನ ನಲವತ್ತು, ಒಂದು ದಿನ ಮೂರು, ಹಬ್ಬದ ದಿನ ಸೊನ್ನೆ. ನೋಡಿದರೆ ನಂಬಿಕೆ ಬರುತ್ತಿತ್ತು.

ಹೊಸದಾಗಿ ಎಂಟು ವಾರ ಎಣಿಸಿ ಮಾಡಿದ ಕೊನೆಯ ಪರೀಕ್ಷೆಯಲ್ಲಿ ಚಿಕಿತ್ಸಕಿ ಬರೆದ ಅಂಕ ಮೊದಲಿಗಿಂತ ಸ್ವಲ್ಪವೇ ಮೇಲಿತ್ತು. ಹೆಬ್ಬೆರಳು ನಡುಬೆರಳ ತನಕ ಹೋಗುತ್ತಿತ್ತು, ಅದರಾಚೆಗಿಲ್ಲ. ಅದು ನನ್ನ ಸಾಧನದಿಂದಲೋ, ಅಮ್ಮನ ಜಪದಿಂದಲೋ, ಸುಮ್ಮನೆ ದಿನ ಕಳೆದದ್ದರಿಂದಲೋ ಹೇಳಲಾಗದು. ನಾವು ಬರೆದ ಸಣ್ಣ ಲೇಖನದಲ್ಲೂ ಹಾಗೆಯೇ ಇದೆ. ನಾನು ಹಾಕಿದ್ದ ‘ಗಮನಾರ್ಹ’, ‘ಆಶಾದಾಯಕ’ ಎಂಬ ಮಾತುಗಳನ್ನೆಲ್ಲ ಮುಖ್ಯಸ್ಥೆ ಹೊಡೆದು ಹಾಕಿದ್ದರು. ಅಚ್ಚಾದ ಪ್ರತಿಯನ್ನು ಹೆಮ್ಮೆಯಿಂದ ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದೆ. ವಾರದಲ್ಲಿ ಅದು ವಾಪಸು ಬಂತು. ಎರಡನೆಯ ಕೋಷ್ಟಕದ ಶೇಕಡಾವಾರುಗಳನ್ನು ಕೂಡಿದರೆ ನೂರಾ ಒಂದಾಗುತ್ತದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅಂಚಿನಲ್ಲಿ ‘ಮತ್ತೊಮ್ಮೆ ಮಾಡಿ ತೋರಿಸು’ ಎಂದು ಬರೆದಿದ್ದರು.

ಅಷ್ಟು ಹೊತ್ತಿಗೆ ಸುತ್ತಲಿನ ಜ್ವರ ಇಳಿಯತೊಡಗಿತ್ತು. ಜನ ರಟ್ಟಿನ ಡಬ್ಬಿಯಲ್ಲಿ ಹೂಕುಂಡ, ಮಕ್ಕಳ ಫೋಟೊ ಹೊತ್ತುಕೊಂಡು ಆಫೀಸುಗಳಿಂದ ಹೊರಗೆ ಬರುತ್ತಿದ್ದರು. ಗೆಳೆಯನ ಕಂಪನಿಯೂ ಒಂದು ಸೋಮವಾರ ಮುಚ್ಚಿತು. ಅವನು ಕೆಲಸ ಹುಡುಕಲು ಹೋಗುವಾಗ ನನ್ನ ಜಾಕೆಟ್ಟು ಹಾಕಿಕೊಂಡು ಹೋಗುತ್ತಿದ್ದ. ಅವನಿಗೆ ಅದು ನನಗಿಂತ ಚೆನ್ನಾಗಿ ಒಪ್ಪುತ್ತಿತ್ತು. ಕೊನೆಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಮೇಷ್ಟ್ರ ಮಗನಿಗೂ ಸ್ಯಾಕ್ರಮೆಂಟೊ ಕಡೆ ಕೆಲಸವಾಗಿ ಇಡೀ ಮನೆ ಹೊರಡುವುದೆಂದಾಯಿತು.

ಅವರು ಹೊರಡುವ ಹಿಂದಿನ ವಾರ ನಾನು ನನ್ನ ಕಾರಿನಲ್ಲಿ ಇಬ್ಬರನ್ನೂ ಗ್ರೋಸರಿಗೆ ಕರೆದುಕೊಂಡು ಹೋದೆ. ಅಂಗಡಿಯೊಳಗೆ ಶನಿವಾರದ ಜಾತ್ರೆ. ಅಮ್ಮ ಕಾರಿನಲ್ಲೇ ಇರಲಿ, ನಾವಿಬ್ಬರೂ ಬೇಗ ಹೋಗಿ ಹಿಟ್ಟು ತರೋಣ ಎಂದು ಮೇಷ್ಟ್ರು ಹೇಳಿದರು. ಹತ್ತು ನಿಮಿಷದಲ್ಲಿ ವಾಪಸು ಬಂದು ನೋಡಿದರೆ ಕಾರಿನ ಬಾಗಿಲು ಅರ್ಧ ತೆರೆದಿದೆ, ಹಿಂದಿನ ಸೀಟು ಖಾಲಿ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. “ಆಕಿಗೆ ಬೆಲ್ಟ್ ಬಿಚ್ಚಾಕ ಬರಂಗಿಲ್ಲಲ್ಲೋ! ಯಾರೋ ಕರಕೊಂಡು ಹ್ವಾದ್ರು!” ಎಂದು ಪಾರ್ಕಿಂಗ್ ಲಾಟಿನ ತುಂಬ ಓಡಾಡತೊಡಗಿದರು. ನಾನು ಹಿಟ್ಟಿನ ಚೀಲ ಅಲ್ಲೇ ಇಳಿಸಿ ಇನ್ನೊಂದು ದಿಕ್ಕಿಗೆ ಓಡಿದೆ. ರಸ್ತೆಯವರೆಗೂ ಹೋಗಿ ಬಂದೆ. ಪೊಲೀಸರಿಗೆ ಫೋನು ಮಾಡೋಣವೆಂದು ಅಂಗಡಿಗೆ ನುಗ್ಗಿದೆ.

ಅಮ್ಮ ತರಕಾರಿಯ ಸಾಲಿನಲ್ಲಿ ನಿಂತಿದ್ದರು. ಸೀಟ್‌ಬೆಲ್ಟಿನ ಕೆಂಪು ಗುಂಡಿಯನ್ನು ಬಲಗೈ ಹೆಬ್ಬೆರಳಿನಿಂದಲೇ ಒತ್ತಿ ಬಿಚ್ಚಿಕೊಂಡು, ಕಾರುಗಳ ನಡುವೆ ಒಬ್ಬರೇ ನಡೆದು ಬಂದಿದ್ದರು. ಎಡಗೈಯಲ್ಲಿ ಒಂದು ಬದನೆಕಾಯಿ ಹಿಡಿದು ಬಲ ಹೆಬ್ಬೆರಳಿನಿಂದ ಅದರ ಹೊಟ್ಟೆ ಒತ್ತಿ ನೋಡುತ್ತಿದ್ದರು. ನಾನು ಏದುಸಿರು ಬಿಡುತ್ತ ಎದುರು ನಿಂತೆ. ಹಿಂದೆಯೇ ಮೇಷ್ಟ್ರು ಬಂದು, ಬೈಯಲು ತೆರೆದ ಬಾಯಿಯನ್ನು ಹಾಗೇ ಬಿಟ್ಟು ನಿಂತರು.

ಅಮ್ಮ ನಮ್ಮಿಬ್ಬರನ್ನೂ ಒಂದು ಸಲ ನೋಡಿ ಬದನೆಕಾಯಿಯನ್ನು ರಾಶಿಗೆ ವಾಪಸು ಹಾಕಿದರು.

“ಎಲ್ಲಾ ಬಲತಾವು” ಅಂದರು. “ಹಿಟ್ಟರ ಚಲೋದು ಸಿಕ್ಕಿತೇನು?”